ನೀಲಿ ಪರದೆ, ಬಿಳಿ ಪರದೆ

ಕಳೆದ ವಾರ ಕಾಪುವಿನ ಫೋಟೋ ಸ್ಟುಡಿಯೋದಲ್ಲಿ ಸರದಿಗೆ ಕಾಯುತ್ತಾ ಕೂತಿದ್ದೆ. (ಪ್ಯಾನ್ ಕಾರ್ಡಿನ ಫೋಟೋದಲ್ಲಿ ಥೇಟ್ ನನ್ನ ಅತ್ತೆಯ ಹಾಗೆ ಕಾಣುತ್ತೇನೆ, ಬದಲಿಸದೆ ಉಪಾಯ ಇರಲಿಲ್ಲ.) ಅಷ್ಟರಲ್ಲಿ ಪಕ್ಕದ ಮನೆಯ ಜಯಂತಿ ತನ್ನ ಅವಳಿ ಮಕ್ಕಳೊಂದಿಗೆ ಬಂದಳು. ದೀಕ್ಷಾ ಮತ್ತು ದೀಕ್ಷಿತ್. ಇಬ್ಬರದೂ ಈಗಷ್ಟೇ ಪಿಯುಸಿ ಮುಗಿದಿದೆ. ಮೊದಲು ಅವರದ್ದೇ ಆಗಲಿ ಎಂದು ಸರದಿ ಬಿಟ್ಟುಕೊಟ್ಟೆ.

ಸ್ಟುಡಿಯೋದವರು ಒಂದು ಮಾತೂ ಕೇಳಲಿಲ್ಲ. ದೀಕ್ಷಾಳನ್ನು ನೀಲಿ ಪರದೆಯ ಮುಂದೆ ಕೂರಿಸಿ ಕ್ಲಿಕ್ ಮಾಡಿದರು. ದೀಕ್ಷಿತ್‌ನ ಸರದಿ ಬಂದಾಗ ಸರ್ರನೆ ಬಿಳಿ ಪರದೆ ಇಳಿಸಿದರು.

"ಇದೆಂತ ಮಾರಾಯ್ರೆ?" ಎಂದೆ.

"ನೀಲಿ ಕಾಲೇಜು ಅರ್ಜಿಗೆ, ಬಿಳಿ ವೀಸಾಕ್ಕೆ. ಈ ಸೀಸನ್‌ನಲ್ಲಿ ಕೇಳುವುದೆಂತ ಉಂಟು ಅಕ್ಕ? ಹುಡುಗಿಯರು ಕಾಲೇಜಿಗೆ, ಹುಡುಗರು ದುಬೈಗೆ."

ಜಯಂತಿಯೂ ಹೌದೆಂದಳು. ದುಬೈಯಲ್ಲಿರುವ ಅವಳ ಅಣ್ಣ ಸೋದರಳಿಯನಿಗೆ ಕೆಲಸ ನೋಡಿಟ್ಟಿದ್ದಾನೆ. "ಇವಳಿಗಾದರೆ ಡಿಗ್ರಿ ಬೇಕು, ಇಲ್ಲದಿದ್ರೆ ಒಳ್ಳೆಯ ಸಂಬಂಧ ಬರುವುದಿಲ್ಲ. ಅವನಿಗೆ ಎಂತಕ್ಕೆ?"

ನನಗೆ ಆಶ್ಚರ್ಯ. ನಮ್ಮ ಕಾಲದಲ್ಲಿ ಉಲ್ಟಾ ಇತ್ತಲ್ವಾ? ನನ್ನ ಅಣ್ಣನಿಗೆ ಉಡುಪಿಯ ಕಾಲೇಜು, ನನಗೆ ಹೊಲಿಗೆ ಕ್ಲಾಸು. ಊಟ ಬಿಟ್ಟು ಹಟ ಮಾಡಿ ಕಾಲೇಜಿಗೆ ಹೋದವಳು ನಾನು. ಇದು ತಿರುಗಿದ್ದು ಯಾವಾಗ?

ದೀಕ್ಷಿತ್ ಮಾತ್ರ ಸ್ಟೂಲಿನ ಮೇಲೆ ಕೂರಲೇ ಇಲ್ಲ.

"ಅಮ್ಮ, ಕಾರ್ಕಳದ ಕಾಲೇಜಿನಿಂದ ಬಿಕಾಂ ಅರ್ಜಿ ತಂದಿದ್ದೇನೆ. ನಾಳೆ ಲಾಸ್ಟ್ ಡೇಟ್."

"ಮೊದಲೇ ಬಾಯಿ ಬಿಡಲಿಕ್ಕೆ ಆಗ್ಲಿಲ್ವಾ ನಿನಗೆ?"

"ಎಲ್ಲರೂ ಅವಳತ್ರ ಯಾವ ಕಾಲೇಜು ಅಂತ ಕೇಳ್ತಾರೆ. ನನ್ನತ್ರ ಯಾವಾಗ ಹೊರಡುವುದು ಅಂತ ಕೇಳ್ತಾರೆ."

ನನ್ನ ಮುಖ ಸಣ್ಣದಾಯಿತು. ಅದೇ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ "ಟಿಕೆಟ್ ಆಯ್ತಾ ಮಗಾ?" ಎಂದು ಕೇಳಿದವಳು ನಾನೇ!

ಜಯಂತಿ ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿ, ಮಗ ಓದುತ್ತಾನಂತೆ ಎಂದಳು. ಅವನ ಬೈಗುಳ ನಮಗೂ ಕೇಳಿಸಿತು. ಫೋನ್ ಇಟ್ಟವಳು ಸ್ಟುಡಿಯೋದವರ ಕಡೆ ತಿರುಗಿದಳು. "ನೀಲಿಯೇ ಹಾಕಿ" ಎಂದಳು.

ಅಬ್ಬ, ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯುವುದು? ಮೂಲೆಯಲ್ಲಿದ್ದ ದೀಕ್ಷಾ ಎದ್ದು ಬಂದಳು.

"ಡಿಗ್ರಿ ಮುಗಿಸಿ ನಾನು ದುಬೈಗೆ ಹೋಗ್ತೇನೆ ಅಮ್ಮ. ಸಂಬಂಧ ನೋಡುವ ಮೊದಲು ಮಾವನತ್ರ ನನ್ನ ಬಗ್ಗೆಯೂ ಒಂದು ಮಾತು ಕೇಳಿಡು."

ನಿಮ್ಮ ಮನೆಯ ಮಕ್ಕಳನ್ನು ಕೇಳಿದ್ದೀರಾ, ಇಲ್ಲ ನೀವೂ ಸರ್ರನೆ ಪರದೆ ಇಳಿಸಿಬಿಟ್ಟಿರಾ?