ಕಲ್ಲಿನ ಪುಡಿ ಊದುತ್ತಿದ್ದವಳು

ಬದುಕಿದ್ದಾಗ ಯಾವ ಭಾಷೆಯಲ್ಲಿ ಬೈಸಿಕೊಂಡರೂ ಸತ್ತ ಮೇಲೆ ಆ ಊರಿನವರಿಗೆ ಗೋರಿಯ ಮೇಲೆ ಇಂಗ್ಲಿಷೇ ಬೇಕು. ಗೋರಿಕಲ್ಲು ಕೆತ್ತುವ ಮುದುಕನಿಗೆ ಓದಲು ಬಾರದಿದ್ದರೂ 'ಇನ್ ಲವಿಂಗ್ ಮೆಮೊರಿ', ಅಂದರೆ 'ಪ್ರೀತಿಯ ನೆನಪಿಗೆ', ಎಂಬ ಸಾಲು ಕೈಗೆ ಬಾಯಿಪಾಠವಾಗಿತ್ತು. ಸಾಹುಕಾರನಿಗೂ ಅದೇ, ಅವನಿಂದ ಒದೆ ತಿಂದ ಕೂಲಿಯವನಿಗೂ ಅದೇ.

ಈಗ ಹೆಂಡತಿಯ ಕಲ್ಲು ಅವನ ಮುಂದಿತ್ತು. ಇಂಗ್ಲಿಷ್ ಟೀಚರಾದ ಮಗಳು ಸೀಮೆಸುಣ್ಣದಲ್ಲಿ ಅದೇ ಸಾಲು ಬರೆಯಹೊರಟಳು.

"ಬೇಡ ಕಣಮ್ಮ. ಹೆಂಡ್ತಿನ ದಿನಾ ಹೊಡೀತಿದ್ದೋನೂ ಅದನ್ನೇ ಕೆತ್ತಿಸ್ಕೊಂಡು ಹೋಗಿದ್ದಾನೆ."

"ಮತ್ತೇನು ಬರೀಲಿ? ನೀನೇ ಹೇಳಪ್ಪ."

ಮುದುಕ ಉಳಿಯ ಮೊನೆ ಹೇಗಿದೆ ನೋಡೋಣವೆಂದು ಕಲ್ಲಿನ ಅಂಚಿಗೆ ಎರಡು ಏಟು ಹಾಕಿದ. ಪುಡಿ ಬಿದ್ದೊಡನೆ ಮುಖ ತಿರುಗಿಸಿ, ಕಣ್ಣು ಮುಚ್ಚಿ ಕೂತ. ಯಾರೂ ಊದಲಿಲ್ಲ.

"ಏನಪ್ಪಾ, ಕಣ್ಣಿಗೆ ಬಿತ್ತಾ?"

"ಇಲ್ಲ. ನಿಮ್ಮಮ್ಮ ಪುಡಿ ಊದ್ತಿದ್ಲು, ನಾನು ಕಣ್ಣು ಮುಚ್ಕೊಳ್ತಿದ್ದೆ. ಮುಚ್ದೇ ಇದ್ರೆ ಬೈಗುಳ ಬೇರೆ."

ಮಗಳು ಅಪ್ಪ ಆಡಿದ ಮಾತನ್ನೇ ಇಂಗ್ಲಿಷಿನಲ್ಲಿ ಕಲ್ಲಿನ ಮೇಲೆ ಬರೆದಳು: ಅವಳು ಊದುತ್ತಿದ್ದಳು, ನಾನು ಕಣ್ಣು ಮುಚ್ಚುತ್ತಿದ್ದೆ.

"ಇದ್ರಲ್ಲಿ ನೆನಪು ಅನ್ನೋದು ಎಲ್ಲಿದೆ?"

"ಆ ಪದ ಇಲ್ಲಪ್ಪ. ಸೇರಿಸ್ಲಾ?"

"ಬೇಡ, ಇರ್ಲಿ ಬಿಡು."

ಕೈಗೆ ಪರಿಚಯವಿಲ್ಲದ ಸಾಲು, ಕೆತ್ತಿ ಮುಗಿಸಲು ಬಹಳ ದಿನ ಹಿಡಿಯುತ್ತದೆ. ಹಿಡಿಯಲಿ ಎಂದುಕೊಂಡು ಮುದುಕ ಮೊದಲ ಅಕ್ಷರಕ್ಕೆ ಉಳಿ ಇಟ್ಟ. ಮಗಳು ಪಕ್ಕಕ್ಕೆ ಬಂದು ಬಾಗಿದಳು.

"ಕೂತ್ಕೋಮ್ಮ," ಎಂದ. "ಊದ್ಬೇಡ. ಸುಮ್ನೆ ಕೂತ್ಕೋ."