ಮೂಟೆ ಹೊರುವವರ ಮಾತು

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಮನೆಮನೆಯ ಅಂಗಳಕ್ಕೂ ಮರದ ತೊಗಟೆಯ ಚೂರು ಹರಡುತ್ತಾರೆ. ಕಳೆ ಬರದಿರಲಿ ಅಂತ, ನೋಡೋಕೂ ಚೆಂದ ಅಂತ. ಮೊನ್ನೆ ಪಕ್ಕದ ಮನೆಯವರು ಒಂದು ಟ್ರಕ್ ತುಂಬ ತರಿಸಿ ಡ್ರೈವ್‌ವೇ ಮೇಲೆ ಸುರಿಸಿದ್ದರು. ಮಳೆ ನಿಂತ ಮೇಲೆ ಆ ಗುಡ್ಡೆಯಿಂದ ಹಬೆ ಏಳುತ್ತಿತ್ತು. ಕೆಲಸದಿಂದ ಬಂದು ಕಾರಿನಿಂದ ಇಳಿದವಳು ಬಾಗಿಲು ಹಾಕೋದನ್ನೂ ಮರೆತು ನಿಂತುಬಿಟ್ಟೆ. ಹುಳಿಹುಳಿಯಾದ, ಅರ್ಧ ಹಸಿ, ಅರ್ಧ ಕೊಳೆತ ಆ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನಗೆ ಒಂದು ಹಳೇ ಮನೆ ನೆನಪಾಗುತ್ತದೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ನೆನೆದರೆ ಪ್ರೀತಿ ಬರುತ್ತದೆ, ಆದರೆ ಜೊತೆಗೇ ಬಾಗಿಲ ಕಡೆ ಒಂದು ಸಲ ತಿರುಗಿ ನೋಡಬೇಕು ಅನ್ನಿಸುತ್ತದೆ.

ಆ ಮನೆ ವುಡಿನ್‌ವಿಲ್‌ನಲ್ಲಿತ್ತು, ತೊಗಟೆ ಮಾರುವವರ ಅಂಗಳದ ಬೆನ್ನಿಗೆ. ಸುತ್ತ ಫರ್ ಮರಗಳು ಎಷ್ಟು ಎತ್ತರಕ್ಕೆ ನಿಂತಿದ್ದವೆಂದರೆ ಹಗಲು ಅನ್ನೋದು ನಮ್ಮಲ್ಲಿಗೆ ತಡವಾಗಿ ಬಂದು ಬೇಗ ಹೋಗುತ್ತಿತ್ತು. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಅಮ್ಮ ದೀಪ ಹಾಕಬೇಕು. ಮರಗಳ ಹಿಂದೆ ನರಿಯಂಥ ಕಯೋಟಿಗಳು ಮಕ್ಕಳ ಹಾಗೆ ಕೂಗುತ್ತಿದ್ದವು. ಮನೆ ನಮ್ಮದಲ್ಲ, ಅಪ್ಪ ಕೆಲಸ ಮಾಡುತ್ತಿದ್ದ ರೆಸ್ಟೋರೆಂಟಿನ ಓನರದ್ದು. ಅವರನ್ನು ನಾವೆಲ್ಲ ಬರೀ ಸರ್ ಅನ್ನುತ್ತಿದ್ದೆವು. ಮೈಸೂರಿನವರು, ಸಮಾಮಿಶ್‌ನಲ್ಲಿ ದೊಡ್ಡ ಮನೆ. ಈ ಹಳೇ ಮನೆಯನ್ನು ಅವರು ಜಾಗದ ಆಸೆಗೆ ಕೊಂಡಿದ್ದು. "ಕೆಡವೋ ತನಕ ಇರಿ" ಅಂದಿದ್ದರು. ಯಾವಾಗ ಕೆಡವುತ್ತಾರೋ ಹೇಳಿರಲಿಲ್ಲ. ಹಾಗಾಗಿ ಅಮ್ಮ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ದೇವರ ಫೋಟೋ ಕೂಡ ಕಪಾಟಿನ ಮೇಲೆ ಗೋಡೆಗೆ ಒರಗಿ ನಿಂತಿರುತ್ತಿತ್ತು. ಬಾಗಿಲಿನ ಇನ್ನೊಂದು ಬೀಗದಕೈ ಸರ್ ಹತ್ತಿರ ಇತ್ತು, ಮತ್ತು ಅವರು ಬಾಗಿಲು ತಟ್ಟುವವರಲ್ಲ.

ನಾವು ತಿಪಟೂರಿನವರು. ಅಪ್ಪ ಟೋಟೆಮ್ ಲೇಕ್‌ನ ಆ ರೆಸ್ಟೋರೆಂಟಿನಲ್ಲಿ ದೋಸೆ ಹಾಕುತ್ತಿದ್ದ. ಅವನ ತಮ್ಮ ಲೋಕೇಶ, ನಮ್ಮ ಚಿಕ್ಕಪ್ಪ, ತರಕಾರಿ ಹೆಚ್ಚಿ ಸಾಂಬಾರು ನೋಡಿಕೊಳ್ಳುತ್ತಿದ್ದ. ಅಪ್ಪನಿಗೆ ಈ ದೇಶದಲ್ಲೇ ಉಳಿಯುವ ಪೇಪರ್ ನಾವು ಬರುವ ಹೊತ್ತಿಗೇ ಆಗಿತ್ತು. ಚಿಕ್ಕಪ್ಪನದು ಆಗಿರಲಿಲ್ಲ. ಇವನು ನಮಗೆ ಬೇಕು ಅಂತ ಸರ್ ಮತ್ತೊಮ್ಮೆ ಬರೆದುಕೊಟ್ಟರೆ ಅವನು ಇರಬಹುದು, ಇಲ್ಲದಿದ್ದರೆ ಊರಿಗೆ ಹೊರಡಬೇಕು. ನಾನು ಆಗ ಹತ್ತು ವರ್ಷದವಳು, ತಮ್ಮ ಮನು ಐದರವನು. ಆದರೂ ಇದು ನಮಗೆ ಗೊತ್ತಿತ್ತು. ಊಟಕ್ಕೆ ಕೂತಾಗ ಅಮ್ಮ ಕೇಳುವಳು, "ಸರ್ ಏನಾದ್ರೂ ಅಂದ್ರಾ?" ಅಪ್ಪ ಅನ್ನ ಕಲಸುತ್ತಾ ತಲೆ ಅಲ್ಲಾಡಿಸುವನು. ಪ್ರತಿ ದಿನ ಅದೇ ಪ್ರಶ್ನೆ, ಅದೇ ತಲೆ.

ಸೋಮವಾರ ರೆಸ್ಟೋರೆಂಟಿಗೆ ರಜ. ಅವತ್ತು ಸ್ಕೂಲಿನಿಂದ ಬಂದ ಮೇಲೆ ನಮಗೆ ಪಿಕ್ಚರ್. ಹಿಂದೆ ಇದ್ದ ಬಾಡಿಗೆಯವರು ಗ್ಯಾರೇಜಿನಲ್ಲಿ ಒಂದು ಟಿವಿ, ಒಂದು ವಿಸಿಆರ್, ಒಂದೇ ಒಂದು ಕ್ಯಾಸೆಟ್ ಬಿಟ್ಟುಹೋಗಿದ್ದರು. ಅದು ಬ್ರಿಟಿಷರ ಹಳೇ ತಮಾಷೆ ಪಿಕ್ಚರ್. ಕಾಡಿಗೆ ಹೋಗುವ ಸಾಹಸದ ಕಥೆಗಳನ್ನೆಲ್ಲ ಗೇಲಿ ಮಾಡುವಂಥದ್ದು. ದಪ್ಪ ಟೋಪಿಯ ದೊರೆ, ಬಿಳೀ ಗೌನಿನ ದೊರೆಸಾನಿ, ರಬ್ಬರಿನ ಹಾವು, ಚರ್ಮ ತೊಟ್ಟ ಮನುಷ್ಯನೇ ಅಂತ ಮನುಗೂ ಗೊತ್ತಾಗುವಂಥ ಒಂದು ಗೊರಿಲ್ಲಾ. ಕಾಡು ಸ್ಟುಡಿಯೋದೊಳಗೆ ಕಟ್ಟಿದ್ದು. ಯಾರಾದರೂ ಒರಗಿದರೆ ಮರವೇ ಅಲುಗುತ್ತಿತ್ತು. ಇವರ ಹಿಂದೆ ತಲೆಯ ಮೇಲೆ ಪೆಟ್ಟಿಗೆ ಮೂಟೆ ಹೊತ್ತ ಕರಿಯ ಆಳುಗಳ ಸಾಲು. ಈಗ ದೊಡ್ಡವಳಾಗಿ ನೆನೆದರೆ ಅದರಲ್ಲಿನ ಎಷ್ಟೋ ತಮಾಷೆಗೆ ನಗು ಬರೋದಿಲ್ಲ. ಆದರೆ ನಾವು ನಕ್ಕಿದ್ದು ಆ ಪಿಕ್ಚರಿಗೆ ಅಲ್ಲ. ಅದರ ಇಂಗ್ಲಿಷ್ ನಮಗ್ಯಾರಿಗೂ ಹಿಡಿಯುತ್ತಿರಲಿಲ್ಲ. ಹಾಗಾಗಿ ಚಿಕ್ಕಪ್ಪ ವಾಲ್ಯೂಮ್ ಪೂರ್ತಿ ಇಳಿಸಿ, ಟಿವಿ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಲ್ಲರ ಮಾತನ್ನೂ ತಾನೇ ಕನ್ನಡದಲ್ಲಿ ಆಡುತ್ತಿದ್ದ.

ದೊರೆಸಾನಿಗೆ ನಮ್ಮ ಅಜ್ಜಿಯ ದನಿ. ಟೋಪಿಯ ದೊರೆಗೆ ಸರ್ ದನಿ. ಕಣ್ಣು ಮುಚ್ಚಿ ಕೇಳಿದರೆ ಸರ್ ಬಂದು ಕೂತ ಹಾಗೇ ಇರುತ್ತಿತ್ತು. ಆ ಗಂಟಲು ಕೆರೆಯೋದು, ಆ 'ನೋಡ್ರಪ್ಪಾ' ಅನ್ನೋದು. "ನೋಡ್ರಪ್ಪಾ, ನಾವೆಲ್ಲ ಒಂದೇ ಫ್ಯಾಮಿಲಿ. ಅದಕ್ಕೇ ಈ ವಾರ ರಜ ಇಲ್ಲ." ಅಪ್ಪ ನಗು ತಡೆಯಲಾರದೆ ಎದ್ದು ಅಡಿಗೆಮನೆಗೆ ಹೋಗುವನು. ಆದರೆ ಚಿಕ್ಕಪ್ಪ ಹೆಚ್ಚು ಮಾತು ಕೊಟ್ಟಿದ್ದು ಮೂಟೆ ಹೊರುವವರಿಗೆ. ಪಿಕ್ಚರಿನಲ್ಲಿ ಅವರು ಬಾಯಿ ಬಿಡೋದೇ ಇಲ್ಲ, ಸುಮ್ಮನೆ ನಡೆಯುತ್ತಾರೆ. ತುಟಿ ಅಲುಗದಿದ್ದರೇನಂತೆ, ಇವನ ಹತ್ತಿರ ಅವರು ನಿಲ್ಲಿಸದೆ ಮಾತಾಡುತ್ತಿದ್ದರು, ಅಪ್ಪಟ ತಿಪಟೂರಿನ ಮಾತು.

"ಏನ್ಲಾ ಐತೆ ಈ ಪೆಟ್ಟಿಗೇಲಿ, ಇಷ್ಟು ಭಾರ?"

"ದೊರೆಸಾನಿ ಪೌಡರ್ ಡಬ್ಬ ಕಣ್ಲಾ."

"ಪೌಡರ್ ಇಷ್ಟೊಂದಾ?"

"ಮುಖ ನೋಡಿಲ್ವಾ? ಎಷ್ಟಾದ್ರೂ ಸಾಲಲ್ಲ."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು, ನಕ್ಕಿದ್ದಕ್ಕೇ ಹೆದರಿದವಳ ಹಾಗೆ ಬಯ್ಯುವಳು. "ಸಾಕು ಸುಮ್ನಿರೋ ಲೋಕೇಶ. ಅವರ ಮನೇಲೇ ಕೂತ್ಕೊಂಡು ಅವರನ್ನೇ ಆಡ್ಕೊಳ್ತೀಯಲ್ಲ."

"ನಾನೆಲ್ಲಿ ಆಡ್ಕೊಂಡೆ ಅತ್ತಿಗೆ? ಹೇಳಿದ್ದು ಟೋಪಿಯವನು."

ಮನುವಿಗೆ ಒಂದೇ ಸೀನ್ ಮೇಲೆ ಪ್ರಾಣ. ದೊರೆ ಟೆಂಟಿನ ಮುಂದೆ ಕೂತು ಟೀ ಕುಡಿಯುತ್ತಿರುತ್ತಾನೆ. ಅವನ ಬೆನ್ನ ಹಿಂದೆ ಬಳ್ಳಿ ಸರಿಸಿ ಗೊರಿಲ್ಲಾ ಬಂದು ನಿಲ್ಲುತ್ತದೆ. ನೋಡುವ ನಮಗೆಲ್ಲ ಕಾಣುತ್ತದೆ, ಅವನಿಗೊಬ್ಬನಿಗೆ ಕಾಣೋದಿಲ್ಲ. ಮನು ಪ್ರತಿ ಸಲವೂ ಸೋಫಾ ಮೇಲೆ ನಿಂತು ಕಿರುಚುತ್ತಿದ್ದ: "ಹಿಂದೆ! ಹಿಂದೆ ನೋಡು!"

ಅದು ನವೆಂಬರಿನ ಒಂದು ಸೋಮವಾರ. ಬೆಳಗಿನಿಂದ ಮಳೆ, ಜಲ್ಲಿಯ ಮೇಲೆ ಕಾರು ಬಂದ ಸದ್ದು ಕೇಳಲಿಲ್ಲ. ಚಿಕ್ಕಪ್ಪ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ಹಿಂದಿನ ವಾರ ಅವನ ಪೇಪರಿನ ವಿಷಯ ಸರ್ ಹತ್ತಿರ ಕೇಳಬೇಕು ಅಂತ ಅಪ್ಪ ಹೋಗಿ, ಕೇಳಲಾರದೆ ಬಂದಿದ್ದ. ಅದನ್ನೇ ಚಿಕ್ಕಪ್ಪ ದೊರೆಯ ಬಾಯಿಗೆ ಹಾಕಿದ. ಟೀ ಹೀರುತ್ತಾ ದೊರೆ ಸರ್ ದನಿಯಲ್ಲಿ ಹೇಳಿದ, "ಲೋಕೇಶನ ಪೇಪರ್ ತಾನೇ? ಮಾಡ್ಸೋಣ, ಮಾಡ್ಸೋಣ. ಮೊದ್ಲು ಈರುಳ್ಳಿ ಹೆಚ್ಚಲಿ." ಬಳ್ಳಿ ಸರಿಯಿತು, ಗೊರಿಲ್ಲಾದ ಕೈ ಕಂಡಿತು. ಆಗಲೇ ತೊಗಟೆಯ ವಾಸನೆ ಹೊತ್ತ ತಣ್ಣನೆಯ ಗಾಳಿ ಒಳಗೆ ನುಗ್ಗಿತು. ನಾನು ತಿರುಗಿದೆ. ಬಾಗಿಲಲ್ಲಿ ಸರ್ ನಿಂತಿದ್ದರು. ಒದ್ದೆ ಜಾಕೆಟ್ಟು, ಕೈಯಲ್ಲಿ ಬೀಗದಕೈ. ಅಪ್ಪ ಎದ್ದು ನಿಂತ. ಅಮ್ಮನೂ ಎದ್ದಳು. ಮನು ಸೋಫಾ ಮೇಲೆ ಹಾರಿ ಕೂಗಿದ, "ಚಿಕ್ಕಪ್ಪಾ, ಹಿಂದೆ! ಹಿಂದೆ ನೋಡು!"

"ಹಿಂದೆ ಯಾರಿದ್ರೆ ನಂಗೇನ್ರಪ್ಪಾ?" ಚಿಕ್ಕಪ್ಪ ಅದೇ ದನಿಯಲ್ಲಿ, ಅದೇ ಗಂಟಲು ಕೆರೆದು ಹೇಳಿದ. "ಈ ಕಾಡೂ ನಂದೇ, ಈ ಮನೇನೂ ನಂದೇ."

ಯಾರೂ ನಗಲಿಲ್ಲ. ಆ ಮೌನವೇ ಅವನನ್ನು ತಿರುಗಿಸಿತು. ತಿರುಗಿದ ಆ ಮುಖ ನನಗೆ ಇವತ್ತಿಗೂ ಕಾಣುತ್ತದೆ. ನಗು ಇನ್ನೂ ಮುಖದ ಮೇಲೇ ಇತ್ತು, ಕಣ್ಣಿನಿಂದ ಮಾತ್ರ ಹೊರಟುಹೋಗಿತ್ತು. ಎದ್ದು ನಿಲ್ಲಲು ಹೋದ. ಸರ್ ಸೋಫಾದ ತುದಿಗೆ ಕೂತು ಕೈ ಆಡಿಸಿದರು. "ಕೂತ್ಕೊ, ಕೂತ್ಕೊ. ಸೂರಿನ ಪೈಪ್ ಸೋರುತ್ತಂತಲ್ಲ, ನೋಡ್ಕೊಂಡು ಹೋಗೋಣ ಅಂತ ಬಂದೆ. ನಿಲ್ಲಿಸಬೇಡ, ಮುಂದುವರಿಸು. ನಾನೂ ನೋಡ್ತೀನಿ."

ಚಿಕ್ಕಪ್ಪ ಟಿವಿ ಕಡೆ ತಿರುಗಿದ. ಅವನ ಕತ್ತಿನ ಹಿಂದೆ ಬೆವರು ಕಂಡಿತು. ದೊರೆ ಹೇಳಿದ, "ಈ ಕಾಡು ತುಂಬ ಚೆನ್ನಾಗಿದೆ." ದೊರೆಸಾನಿ ಹೇಳಿದಳು, "ಹೌದು, ತುಂಬ ಚೆನ್ನಾಗಿದೆ." ಪಾಠ ಓದುವ ಹುಡುಗನ ದನಿ, ಯಾರದೂ ಅಲ್ಲದ ದನಿ. ಆಮೇಲೆ ಮೂಟೆಯವರ ಸಾಲು ಬಂತು. ಅವರು ಒಬ್ಬರ ಹಿಂದೆ ಒಬ್ಬರು ನಡೆದರು, ನಡೆದರು, ಒಂದು ಮಾತೂ ಆಡಲಿಲ್ಲ. ಮಳೆಯ ಸದ್ದು ಮಾತ್ರ.

"ಇವರು ಮಾತಾಡಲ್ವಾ?" ಸರ್ ಕೇಳಿದರು.

"ಇಲ್ಲ ಸರ್. ಪಿಕ್ಚರಲ್ಲಿ ಇವರಿಗೆ ಮಾತಿಲ್ಲ."

"ಮಾತಾಡ್ತಾರೆ! ಪೌಡರ್ ಡಬ್ಬ!" ಅಂದ ಮನು. ಅಮ್ಮ ಅವನನ್ನು ಎಳೆದು ತೊಡೆಗೆ ಒತ್ತಿಕೊಂಡಳು. ಸರ್ ನಕ್ಕರು. ಅಮ್ಮ ಕೊಟ್ಟ ಚಿತ್ರಾನ್ನ ತಿಂದರು, ಚೆನ್ನಾಗಿದೆ ಅಂದರು. ಹೊರಡುವಾಗ ಚಿಕ್ಕಪ್ಪನ ಹೆಗಲ ಮೇಲೆ ಕೈಯಿಟ್ಟರು. "ನನ್ನ ದನಿ ಚೆನ್ನಾಗಿ ಹಿಡಿದಿದ್ದೀಯ ಕಣಯ್ಯ. ನಮ್ಮ ಮನೆಯವಳು ಕೇಳಿದ್ರೆ ತುಂಬ ನಗ್ತಾಳೆ." ಆಮೇಲೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡು, ತಮ್ಮ ಕೀಯಿಂದ ಬೀಗ ತಿರುಗಿಸಿದರು. ನಾವು ಒಳಗೆ ನಿಂತು ಆ ಸದ್ದು ಕೇಳಿದೆವು.

ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮುಂಚೆ ಅಡಿಗೆಮನೆಗೆ ಬಂದು ಕೂಗಾಡುತ್ತಿದ್ದವರು ಈಗ ಚಿಕ್ಕಪ್ಪನ ಹತ್ತಿರ ಮೆತ್ತಗೆ ಮಾತಾಡುತ್ತಿದ್ದರಂತೆ. ಕೈ ಸುಟ್ಟುಕೊಂಡೀಯ ಅನ್ನೋರು, ಊಟ ಆಯ್ತಾ ಅನ್ನೋರು. ಅಪ್ಪ ಅದನ್ನು ಮನೆಯಲ್ಲಿ ಹೇಳುವಾಗ ದನಿ ತಗ್ಗಿಸುತ್ತಿದ್ದ. ಸೋಮವಾರ ಕ್ಯಾಸೆಟ್ ಹಾಕಿದರೆ ಚಿಕ್ಕಪ್ಪ ಗಂಟಲು ಸರಿಯಿಲ್ಲ ಅಂದುಬಿಡುವನು. ನಾವು ಸದ್ದಿಲ್ಲದ ಪಿಕ್ಚರ್ ನೋಡುತ್ತಿದ್ದೆವು. ಅವನು ಈಗ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದ. ತೊಗಟೆ ಅಂಗಳಕ್ಕೆ ಬಂದ ಯಾವ ಗಾಡಿಯ ಸದ್ದಿಗೂ ಅವನ ತಲೆ ಏಳುತ್ತಿತ್ತು. ಊಟಕ್ಕೆ ಕೂತಾಗ ಅಮ್ಮ ಪ್ರಶ್ನೆ ಕೇಳೋದನ್ನು ಬಿಟ್ಟಳು.

ಫೆಬ್ರವರಿಯಲ್ಲಿ ಸರ್ ಹೇಳಿದರು: ಬಿಸಿನೆಸ್ ಡಲ್ ಆಗಿದೆ, ಇಬ್ಬರನ್ನ ಇಟ್ಟುಕೊಳ್ಳೋಕೆ ಆಗೋದಿಲ್ಲ.

"ಅವತ್ತಿನದೇ ಇದು," ಅಂದಳು ಅಮ್ಮ.

"ಗಿರಾಕಿ ಕಮ್ಮಿ ಆಗಿರೋದು ನಿಜ ಕಣೇ," ಅಂದ ಅಪ್ಪ. ಅಪ್ಪ ಹೇಳಿದ್ದೂ ಸುಳ್ಳಲ್ಲ. ಆ ಚಳಿಗಾಲ ಅರ್ಧ ಟೇಬಲ್ ಖಾಲಿ ಇರುತ್ತಿದ್ದವಂತೆ. ನಿಜವಾದ ಕಾರಣ ಯಾವುದು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಅವರಿಬ್ಬರೂ ಆ ಜಗಳವನ್ನು ಎಷ್ಟೋ ವರ್ಷ ಆಡಿದರು, ಬೇರೆ ಬೇರೆ ವಿಷಯದ ಹೆಸರಿನಲ್ಲಿ.

ಚಿಕ್ಕಪ್ಪ ಮಾತ್ರ ಹೇಳಿದ್ದಿಷ್ಟೇ, "ಬಿಡಿ ಅತ್ತಿಗೆ. ಯಾತಕ್ಕಾದ್ರೇನು, ಹೋಗೋದು ಹೋಗೋದೇ."

ಹೋದ ದಿನ ಭಾನುವಾರ. ರೆಸ್ಟೋರೆಂಟ್ ತುಂಬಿರುವ ದಿನ ಅಂತ ಅಪ್ಪನಿಗೆ ಬಿಡುವು ಸಿಗಲಿಲ್ಲ. ಏರ್‌ಪೋರ್ಟಿಗೆ ಸರ್ ತಾವೇ ಕಾರು ತಂದರು. ಸೂಟ್‌ಕೇಸನ್ನು ತಾವೇ ಎತ್ತಿ ಡಿಕ್ಕಿಗೆ ಹಾಕಿದರು. ಕಾರು ಫರ್ ಮರಗಳ ನಡುವೆ ಹೋಗಿ ತಿರುವಿನಲ್ಲಿ ಮರೆಯಾಯಿತು. ಚಿಕ್ಕಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದ, ನೆಟ್ಟಗೆ, ತಿರುಗಿ ನೋಡದೆ.

ಅಪ್ಪ ಆಮೇಲೂ ಅದೇ ಒಲೆಯ ಮುಂದೆ ಬಹಳ ವರ್ಷ ದುಡಿದ. ಬೇರೆ ಕಡೆ ಕೇಳು ಅಂತ ಅಮ್ಮ ಅನ್ನುತ್ತಿದ್ದಳು. ಅಪ್ಪ ನನ್ನ ಕಡೆ ನೋಡಿ, ಇವಳ ಓದು ಮುಗೀಲಿ ಅನ್ನುತ್ತಿದ್ದ. ನಾನು ಮೊದಲು ಕಮ್ಯುನಿಟಿ ಕಾಲೇಜು, ಆಮೇಲೆ ಯೂನಿವರ್ಸಿಟಿ, ಬಸ್ಸಿನಲ್ಲಿ ಓಡಾಡಿ, ಸಂಜೆ ಅಂಗಡಿ ಕೆಲಸ ಮಾಡಿ, ಸಿವಿಲ್ ಇಂಜಿನಿಯರಿಂಗ್ ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲು. ಹೇಳಿಕೊಳ್ಳೋಕೆ ನನಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ. ಡಿಗ್ರಿ ಕೊಟ್ಟ ದಿನ ಸರ್ ಹೂಗುಚ್ಛ ಹಿಡಿದು ಬಂದಿದ್ದರು. ಕರಿಯ ಗೌನು ತೊಟ್ಟ ನನ್ನ ಪಕ್ಕ ನಿಂತು, "ನಮ್ಮ ಹುಡುಗಿ" ಅಂದರು. ಅಪ್ಪ ಕೈ ಕಟ್ಟಿಕೊಂಡು ನಕ್ಕ. ಆ ಡಿಗ್ರಿಗೆ ನಾನು ಬೆವರು ಕೊಟ್ಟೆ. ಅಪ್ಪ ಕೊಟ್ಟದ್ದು ಏನು ಅಂತ ಆ ನಗು ನೋಡಿದವರಿಗೆ ಗೊತ್ತಾಗುತ್ತಿತ್ತು.

ಚಿಕ್ಕಪ್ಪ ತಿಪಟೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ. ಫೋನಿನಲ್ಲಿ ಒಮ್ಮೆ ಕೇಳಿದೆ, ಮೂಟೆಯವರ ಹಾಗೆ ಒಂದು ಸಲ ಮಾತಾಡು ಚಿಕ್ಕಪ್ಪ ಅಂತ. ಆ ಕಡೆ ಪಾತ್ರೆ ಬೀಳುವ ಸದ್ದು, ಬಸ್ಸಿನ ಹಾರನ್ನು. "ಈಗೆಲ್ಲಿ ಬರ್ತದೆ ಪುಟ್ಟಿ," ಅಂದ. "ಇಲ್ಲಿ ಎಲ್ಲರ ಮಾತೂ ಅವರವರೇ ಆಡ್ಕೊಳ್ತಾರೆ." ಹೋದ ವರ್ಷ ತೀರಿಕೊಂಡ. ವುಡಿನ್‌ವಿಲ್‌ನ ಮನೆ ಅದಕ್ಕೂ ಎಷ್ಟೋ ಮುಂಚೆ ಹೋಯಿತು. ಮರಗಳನ್ನು ಕಡಿದು ಒಂದಕ್ಕೊಂದು ಅಂಟಿಕೊಂಡ ಟೌನ್‌ಹೌಸ್‌ಗಳನ್ನು ಕಟ್ಟಿದ್ದಾರೆ. ಅಲ್ಲಿ ಈಗ ಒಳ್ಳೇ ಬೆಳಕು.

ಆದರೆ ಅವನು ವಿಮಾನ ಹತ್ತಿದ ಮರುದಿನ, ಸೋಮವಾರ, ಆ ಮನೆ ಇನ್ನೂ ಕತ್ತಲೆಯಲ್ಲಿ ನಿಂತಿತ್ತು. ಮನು ಹಟ ಮಾಡಿ ಕ್ಯಾಸೆಟ್ ಹಾಕಿಸಿದ. ಸದ್ದು ಏರಿಸಲು ಯಾರಿಗೂ ಮನಸ್ಸಾಗಲಿಲ್ಲ. ಚಿಕ್ಕಪ್ಪ ಕೂರುತ್ತಿದ್ದ ಜಾಗ ಬಿಟ್ಟು ನಾವು ಆಚೀಚೆ ಕೂತೆವು. ದೊರೆ ಬಾಯಿ ಆಡಿಸಿದ, ದೊರೆಸಾನಿ ಬಾಯಿ ಆಡಿಸಿದಳು. ಮೂಟೆಯವರು ಬಂದರು. ಸಾಲಿನ ಕೊನೆಯಲ್ಲಿ ಒಬ್ಬ ಸಣಕಲ, ತನಗಿಂತ ದೊಡ್ಡ ಪೆಟ್ಟಿಗೆ ಹೊತ್ತವನು, ಮೆಲ್ಲಗೆ ನಡೆಯುತ್ತಿದ್ದ. ಇಷ್ಟು ದಿನ ಆ ಪಿಕ್ಚರಿಗೆ ಒಂದು ಮಾತೂ ಸೇರಿಸದ ಅಪ್ಪ ಮುಂದಕ್ಕೆ ಬಾಗಿದ. ಗಂಟಲು ಸರಿ ಮಾಡಿಕೊಂಡ. ಎರಡು ಸಲ ಬಾಯಿ ತೆರೆದು ಮುಚ್ಚಿದ.

"ಊಟ ಮಾಡಿದ್ಯೇನ್ಲಾ?" ಅಂದ ಕೊನೆಗೆ.

ಅಷ್ಟರಲ್ಲಿ ಆ ಸಣಕಲ ಮರದ ಹಿಂದೆ ಹೋಗಿಬಿಟ್ಟಿದ್ದ.