ಖಣದ ಚುಕ್ಕಿ

ನಮ್ಮ ಮನೆಯವರು ತೀರಿಕೊಂಡ ವರ್ಷ ನಾನು ಕ್ರಿಸ್‌ಮಸ್‌ಗೆ ಮನೆ ಸಿಂಗರಿಸಲಿಲ್ಲ. ಮನಸ್ಸೇ ಬರಲಿಲ್ಲ. ಬಾಗಿಲಿಗೆ ತೂಗುವ ಕಾಗದದ ಚುಕ್ಕಿ, ಬಣ್ಣದ ದೀಪದ ಸರ ಎಲ್ಲ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದ್ದವು. ಇಳಿಸುತ್ತಿದ್ದವರು ನಮ್ಮವರು. ಇಳಿಸುವಾಗ ಒಂದು ಜಗಳ, ಕಟ್ಟುವಾಗ ಇನ್ನೊಂದು. ಈಗ ಯಾರ ಜೊತೆ ಜಗಳಾಡಿಕೊಂಡು ಕಟ್ಟಲಿ? ಚರ್ಚಿನವರು ಬಂದು, "ಸಮಾಧಾನ ತಗೋರಿ, ಹಬ್ಬ ಬಿಡಬ್ಯಾಡ್ರಿ" ಎಂದರು. ಹೇಳುವುದಕ್ಕೇನು, ಹೇಳಿ ಚಹಾ ಕುಡಿದು ಹೋದರು.

ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ, ಉಳಿದವು ನೇಕಾರರವು. ಎದುರುಮನೆಯಾಕೆಯನ್ನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಎನ್ನುತ್ತೇನೆ, ಅವರು ಮಗ್ಗದಲ್ಲಿ ಕುಪ್ಪಸದ ಖಣ ನೇಯುತ್ತಾರೆ. ಬಾಯಿ ಚುರುಕು, ಕೈ ಅದಕ್ಕಿಂತ ಚುರುಕು. ಹಬ್ಬ ಹತ್ತಿರ ಬಂದರೂ ನಮ್ಮ ಬಾಗಿಲು ಬೋಳಾಗಿದ್ದದ್ದು ಅವರ ಕಣ್ಣಿಗೆ ಬಿತ್ತು.

"ಅಕ್ಕೋರ, ನಿಮ್ಮೊಳಗೂ ವರ್ಷ ತುಂಬೂತನಾ ಹಬ್ಬ ಮಾಡಾಂಗಿಲ್ಲೇನ್ರಿ?" ಎಂದು ಕಟ್ಟೆಯ ಮೇಲಿಂದಲೇ ಕೇಳಿದರು. ಸಾಲೆಯಲ್ಲಿ ಕಲಿಸಿದವಳೆಂದು ಇಡೀ ಓಣಿಗೆ ನಾನು ಅಕ್ಕೋರು.

ನಮ್ಮಲ್ಲಿ ಅಂಥ ನಿಯಮವೇನೂ ಇಲ್ಲ. ಆದರೆ ಮನಸ್ಸಿಲ್ಲ ಎನ್ನುವುದಕ್ಕಿಂತ ನಿಯಮವಿದೆ ಎನ್ನುವುದು ಸಲೀಸು. "ಹೂನ್ರಿ ವೈನಿ, ಮಾಡಾಂಗಿಲ್ಲ" ಎಂದೆ. ಪೀಡೆ ತೊಲಗಿತು ಎಂದುಕೊಂಡೆ.

ಎಲ್ಲಿಯ ತೊಲಗುವುದು. ಸಾವಾದ ಮನೆಯವರು ಇಲ್ಲಿ ಹಬ್ಬಕ್ಕೆ ಒಲೆಯ ಮೇಲೆ ಎಣ್ಣೆ ಇಡುವುದಿಲ್ಲ. ನೆರೆಯವರೇ ಕರಿದು ತಂದುಕೊಡುತ್ತಾರೆ. ಹಬ್ಬದ ಹಿಂದಿನ ಸಂಜೆ ವೈನಿ ಕರ್ಚಿಕಾಯಿಯ ಡಬ್ಬಿ ಹಿಡಿದು ಬಂದರು. ಡಬ್ಬಿ ಕೆಳಗಿಟ್ಟು ಬಗಲಲ್ಲಿದ್ದ ರಟ್ಟು ತೆಗೆದರು. ಖಣವನ್ನು ನಮ್ಮೂರಲ್ಲಿ ಮೂರು ಮೂಲೆಯಾಗಿ ಮಡಚುತ್ತಾರೆ. ಅಂಥ ಮಡಿಕೆಗಳನ್ನು ಚೂಪು ಹೊರಗೆ ಮಾಡಿ, ರಟ್ಟಿನ ಸುತ್ತ ಗುಂಡುಸೂಜಿಯಿಂದ ಹಿಡಿಸಿದ್ದರು. ಕೆಂಪು, ಹಸಿರು, ನೀಲಿ ಮೂಲೆಗಳ ಚಂದದ ಚುಕ್ಕಿ.

"ಹಬ್ಬಾ ನೀವು ಮಾಡಾಂಗಿಲ್ಲ. ನಾ ಮಾಡಬಹುದಲ್ರಿ?" ಎಂದರು.

ನನ್ನ ಸುಳ್ಳನ್ನು ಖರೆ ಎಂದು ನಂಬಿ, ಅದರೊಳಗಿಂದಲೇ ನನಗೊಂದು ದಾರಿ ತೆಗೆದಿದ್ದರು. ಆ ತಲೆಗೆ ಇವತ್ತಿಗೂ ಬೆರಗಾಗುತ್ತೇನೆ. ಆದರೂ ಕೈ ಮುಂದೆ ಬರಲಿಲ್ಲ. ಖಣ ಮುತ್ತೈದೆಯರ ಉಡಿ ತುಂಬುವ ವಸ್ತು. ನಮ್ಮವರನ್ನು ಮಣ್ಣು ಮಾಡಿದ ಮೇಲೆ ಓಣಿಯ ಕಾರ್ಯಗಳಲ್ಲಿ ಖಣದ ತಟ್ಟೆ ನನ್ನನ್ನು ದಾಟಿ ಮುಂದಕ್ಕೆ ಹೋಗುತ್ತಿತ್ತು. ನಮ್ಮ ಧರ್ಮದ ಪದ್ಧತಿಯಲ್ಲದಿದ್ದರೂ ಅದು ನನಗೆ ಭಾಳ ನೋಯುತ್ತಿತ್ತು.

"ಖಣ ನನಗ ಬರಾಂಗಿಲ್ರಿ ವೈನಿ" ಎಂದೆ.

"ನಿಮಗ ಯಾರು ಕೊಟ್ರು? ಚುಕ್ಕಿಗೆ ಕೊಟ್ಟೇನಿ. ಅದಕ್ಕೇನು ಗಂಡ ಇರ್ತಾನೇನ್ರಿ?" ಎನ್ನುತ್ತ ಬಾಗಿಲಿಗೆ ಕುರ್ಚಿ ಎಳೆದು ಹತ್ತಿ ಚುಕ್ಕಿ ಕಟ್ಟಿದರು. ನನಗೆ ನಗು ಬಂತು, ನಗುತ್ತಲೇ ಅತ್ತುಬಿಟ್ಟೆ.

ಹಬ್ಬ ಮುಗಿದ ಮೇಲೆ ಖಣಗಳನ್ನು ಬಿಚ್ಚಿ ವಾಪಸು ಒಯ್ದೆ. ವೈನಿ ಕೆಂಪು ಖಣವೊಂದನ್ನು ನನ್ನ ಕೈಯಲ್ಲೇ ಬಿಟ್ಟು ಉಳಿದವನ್ನು ತೆಗೆದುಕೊಂಡರು. ಅದನ್ನು ಕುಪ್ಪಸವಾಗಿ ಹೊಲಿಸುವ ಧೈರ್ಯ ನನಗೆ ಬಂದದ್ದು ಯುಗಾದಿಯ ಹೊತ್ತಿಗೆ. ತೊಟ್ಟು ಹೊರಬಿದ್ದ ದಿನ ಓಣಿಯ ಹೆಂಗಸರು ನನ್ನನ್ನೊಮ್ಮೆ, ವೈನಿಯನ್ನೊಮ್ಮೆ ನೋಡಿದರು. ವೈನಿ ಮಗ್ಗ ನಿಲ್ಲಿಸಿ ಎದ್ದು ಬಂದರು. ಎಲ್ಲರ ಎದುರು ನನ್ನ ರಟ್ಟೆ ಹಿಡಿದು ತಿರುಗಿಸಿ ನೋಡಿದರು.

"ತೋಳು ಸಡಲ ಆಗ್ಯಾವ್ರಿ ಅಕ್ಕೋರ. ಸಂಜಿಕೆ ತಂದುಕೊಡ್ರಿ, ಹಿಡಿದು ಕೊಡ್ತೇನಿ" ಎಂದರು.